ಏರಿನಲ್ಲಿ ಮಾತ್ರ ಕಾಯುವ ಹಳೆಯ ಡೈಸೆಲ್ ಗಾಡಿ: ಎಂಜಿನ್ ಇಳಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ರೈತ. ನಮ್ಮ ಮನೆಯಲ್ಲಿ 2005ರ ಮಾದರಿಯ, ಹತ್ತು ಜನ ಕೂರುವ ಡೈಸೆಲ್ ಗಾಡಿಯಿದೆ. ಬಯಲಿನಲ್ಲಿ 50–60ರ ವೇಗದಲ್ಲಿ ಹೋದರೆ ತೊಂದರೆಯಿಲ್ಲ. ನಿಂತಲ್ಲಿ ಎಂಜಿನ್ ಚಾಲೂ ಇಟ್ಟರೂ ಉಷ್ಣತೆಯ ಮುಳ್ಳು ಏರುವುದಿಲ್ಲ. ಆದರೆ ತುಂಬ ಮಂದಿಯನ್ನು ಕೂರಿಸಿಕೊಂಡು ಏರು ಹತ್ತಿದರೆ, ಅಥವಾ ಬೇಸಿಗೆಯ ಮಧ್ಯಾಹ್ನ 80ರ ವೇಗದಲ್ಲಿ ಓಡಿಸಿದರೆ, ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಹೋದ ಚೈತ್ರದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡ ಏರುವಾಗ ನೀರು ಕುದಿದು ಹೊರಗೆ ಚೆಲ್ಲಿತು. ಎರಡು ವರ್ಷದ ಹಿಂದೆಯೇ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ತೆಗೆಸಿದ್ದೇನೆ. ರೇಡಿಯೇಟರಿನಲ್ಲಿ ವಾರಕ್ಕೆ ಅರ್ಧ ಲೀಟರಿನಷ್ಟು ನೀರು ಕಡಿಮೆಯಾಗುತ್ತದೆ, ಅದರಿಂದ ಉಕ್ಕಿದ ನೀರು ಸೇರುವ ಬಾಟಲಿಯ ನೀರು ಮಾತ್ರ ಇದ್ದಷ್ಟೇ ಇರುತ್ತದೆ. ಹೊಲದ ಬೋರಿನ ನೀರನ್ನೇ ತುಂಬುತ್ತೇನೆ. ಈಗ ಮೆಕ್ಯಾನಿಕ್ ಎಂಜಿನ್ ಇಳಿಸಿ ಸಿಲಿಂಡರುಗಳನ್ನು ಬೋರ್ ಮಾಡಿಸಬೇಕೆನ್ನುತ್ತಾರೆ. ಅದು ಬೇಕೇ? ಬರುವ ಬೇಸಿಗೆಯೊಳಗೆ ನಾನು ಏನು ಮಾಡಬೇಕು?

ಉತ್ತರ: ಎಂಜಿನ್ ಇಳಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲಿ ಬಹುಮುಖ್ಯವಾದ ಸಂಗತಿಯೊಂದನ್ನು ನೀವೇ ಬರೆದಿದ್ದೀರಿ: ಗಾಡಿ ನಿಂತಲ್ಲಿ ಕಾಯುವುದಿಲ್ಲ, ಏರಿನಲ್ಲಿ ಮತ್ತು ವೇಗದಲ್ಲಿ ಮಾತ್ರ ಕಾಯುತ್ತದೆ. ಗಾಡಿ ಯಾವಾಗ ಕಾಯುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದವರಿಗೆ ಏನು ಕೆಟ್ಟಿದೆ ಎಂಬುದು ಅರ್ಧ ತಿಳಿದಂತೆಯೇ. ನಿಂತಲ್ಲಿ ಅಥವಾ ಸಂತೆಯ ಗದ್ದಲದಲ್ಲಿ ಮೆಲ್ಲಗೆ ಸಾಗುವಾಗ ಕಾದು, ರಸ್ತೆಗೆ ಬಿದ್ದ ಮೇಲೆ ತಣ್ಣಗಾಗುವ ಗಾಡಿಯಲ್ಲಿ ಗಾಳಿಯ ಕೊರತೆ ಇರುತ್ತದೆ; ಅಂದರೆ ಫ್ಯಾನು, ಅದರ ಕ್ಲಚ್ಚು, ಬೆಲ್ಟು ಅಥವಾ ಫ್ಯಾನಿನ ಸುತ್ತಲಿನ ಕವಚದ ದೋಷ. ಬಯಲಿನಲ್ಲಿ ಸುಮ್ಮನಿದ್ದು, ವೇಗ ಮತ್ತು ಭಾರ ಹೆಚ್ಚಿದಂತೆ ಕಾಯುವ ಗಾಡಿಯಲ್ಲಿ ಬಹುಮಟ್ಟಿಗೆ ನೀರಿನ ಹರಿವು ಅಥವಾ ರೇಡಿಯೇಟರಿನ ಸಾಮರ್ಥ್ಯ ಕುಗ್ಗಿರುತ್ತದೆ. ಚಾಲೂ ಮಾಡಿದ ಐದೇ ನಿಮಿಷದಲ್ಲಿ, ಭಾರವೇ ಇಲ್ಲದಿದ್ದರೂ ಕಾಯುವ ಗಾಡಿಯಲ್ಲಿ ನೀರೇ ಇರುವುದಿಲ್ಲ, ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕುಳಿತಿರುತ್ತದೆ, ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಹೋಗಿ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿರುತ್ತದೆ. ನಿಮ್ಮದು ಎರಡನೆಯ ಬಗೆ. ಬೋರ್ ಮಾಡಿಸುವುದು ಪಿಸ್ಟನ್ನು ಮತ್ತು ಸಿಲಿಂಡರು ಸವೆದು ಎಣ್ಣೆ ಸುಡುವಾಗ, ಕಂಪ್ರೆಷನ್ ಕಡಿಮೆಯಾದಾಗ ಮಾಡುವ ಕೆಲಸ. ಅದಕ್ಕೂ ನೀರು ಕುದಿಯುವುದಕ್ಕೂ ನೇರ ಸಂಬಂಧವಿಲ್ಲ. ಸಾವಿರಾರು ರೂಪಾಯಿ ಸುರಿದು ಬೋರ್ ಮಾಡಿಸಿ, ಅದೇ ಕಟ್ಟಿಕೊಂಡ ರೇಡಿಯೇಟರನ್ನು ತಿರುಗಿ ಕೂರಿಸಿ, ಮೊದಲ ಏರಿನಲ್ಲಿಯೇ ಹೊಸ ಪಿಸ್ಟನ್ನುಗಳು ಕಾದು ಬಿಗಿದುಕೊಂಡು ನಿಂತ ಗಾಡಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಈ ಭಾಗದಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಸುಮೊ, ಬೊಲೆರೊ, ಕಮಾಂಡರ್, 407ರಂತಹ ಗಾಡಿಗಳು ಹೊಸದಾಗಿದ್ದಾಗ ಬೇಸಿಗೆಯಲ್ಲಿ ಏರನ್ನು ಹತ್ತುತ್ತಿದ್ದವು. ವಿನ್ಯಾಸಕಾರರು ಬಿಸಿಲಿಗೂ ಭಾರಕ್ಕೂ ಸೇರಿಸಿ ಒಂದಿಷ್ಟು ಹೆಚ್ಚುವರಿ ಸಾಮರ್ಥ್ಯವನ್ನು ಇಟ್ಟಿರುತ್ತಾರೆ. ಅದು ಒಂದೇ ದಿನ ಹೋಗುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಸುಣ್ಣದ ಪೊರೆಯಾಗಿ, ತುಕ್ಕಾಗಿ, ಧೂಳಾಗಿ, ಸವೆದ ಪಂಪಾಗಿ ತುಸುತುಸುವೇ ಕರಗುತ್ತದೆ. ಆ ಹೆಚ್ಚುವರಿ ಮುಗಿದ ಮೇಲೂ ಗಾಡಿ ಬಯಲಿನಲ್ಲಿ ಸರಿಯಾಗಿಯೇ ಓಡುವುದರಿಂದ ನಮಗೆ ಗೊತ್ತಾಗುವುದು ಏರಿನಲ್ಲಿಯೇ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸುಡುವ ಡೈಸೆಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ, ಇನ್ನೊಂದು ಭಾಗ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಉಳಿದುದರ ಬಹುಪಾಲು ನೀರಿಗೆ ಸೇರುತ್ತದೆ. ಏರಿನಲ್ಲಿ ಎಂಜಿನ್ 40 ಅಶ್ವಶಕ್ತಿ, ಅಂದರೆ ಸುಮಾರು 30 ಕಿಲೋವ್ಯಾಟ್ ಕೊಡುತ್ತಿದೆ ಎಂದುಕೊಳ್ಳಿ. ಅಷ್ಟೇ ಹೊತ್ತಿನಲ್ಲಿ ರೇಡಿಯೇಟರು ಹೊರಹಾಕಬೇಕಾದ ಶಾಖ 25ರಿಂದ 30 ಕಿಲೋವ್ಯಾಟ್. ಬಚ್ಚಲಿನ 2 ಕಿಲೋವ್ಯಾಟ್ ಗೀಸರುಗಳನ್ನು ಹನ್ನೆರಡು ಹದಿನೈದು ಸಾಲಾಗಿ ಇಟ್ಟು ಒಮ್ಮೆಗೇ ಹಚ್ಚಿದಷ್ಟು. ಇನ್ನು ರೇಡಿಯೇಟರು ಬಿಡುವ ಶಾಖವು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿ ಸೆಲ್ಸಿಯಸ್, ಗಾಳಿ 25 ಡಿಗ್ರಿ ಇರುವಾಗ ಅಂತರ 65. ವಿಜಯಪುರ ಅಥವಾ ಬಾಗಲಕೋಟೆಯ ಏಪ್ರಿಲ್ ತಿಂಗಳಿನ 42 ಡಿಗ್ರಿಯ ಮಧ್ಯಾಹ್ನದಲ್ಲಿ ಅದು 48ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರಿನ ಶಕ್ತಿ ಸುಮಾರು ಶೇ 26ರಷ್ಟು ಕುಗ್ಗುತ್ತದೆ. ಕಾದ ಡಾಂಬರಿನ ಮೇಲೆ, ಮುಂದಿನ ಲಾರಿಯ ಬೆನ್ನಿಗೆ ಹೋಗುವಾಗ ಇನ್ನೂ ಹೆಚ್ಚು. ಶ್ರಾವಣದಲ್ಲಿ ಬೆಳಗಾವಿಗೆ ಹೋಗಿ ಬಂದ ಗಾಡಿ ಚೈತ್ರದಲ್ಲಿ ಕುದಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈಗ ನಿಮ್ಮ ಬೋರಿನ ನೀರಿಗೆ ಬರುತ್ತೇನೆ, ಏಕೆಂದರೆ ನನ್ನ ಅಂದಾಜಿನಲ್ಲಿ ಮೂಲ ಇರುವುದು ಅಲ್ಲಿಯೇ. ನಮ್ಮ ಕಡೆಯ ಕೊಳವೆಬಾವಿಯ ನೀರಿನ ಗಡಸುತನ ಎಂಥದೆಂಬುದನ್ನು ನೀರು ಕಾಯಿಸುವ ಹಂಡೆಯ ಒಳಮೈ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ನಿಮ್ಮ ನೀರು ಆ ಮೇಲಿನ ಮಿತಿಯಲ್ಲಿಯೇ ಇದೆ ಎಂದಿಟ್ಟುಕೊಳ್ಳೋಣ. ಒಂದು ಸಲ 9 ಲೀಟರ್ ತುಂಬಿದರೆ ಒಳಗೆ ಹೋಗುವ ಸುಣ್ಣದ ಅಂಶ 5 ಗ್ರಾಂ ಚಿಲ್ಲರೆ. ಅಷ್ಟಕ್ಕೇ ನಿಂತರೆ ದೊಡ್ಡ ಹಾನಿಯಿಲ್ಲ. ಆದರೆ ವಾರಕ್ಕೆ ಅರ್ಧ ಲೀಟರಿನಂತೆ ವರ್ಷಕ್ಕೆ 26 ಲೀಟರ್ ಹೊಸ ನೀರು ಸೇರುತ್ತಿದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. ವರ್ಷಕ್ಕೆ 15 ಗ್ರಾಮಿಗೂ ಮಿಕ್ಕಿ ಆಗುವ ಇದು ಆರು ವರ್ಷದಲ್ಲಿ 90 ಗ್ರಾಂ ದಾಟುತ್ತದೆ. ಆದ್ದರಿಂದ ಗಡಸು ನೀರಿಗಿಂತಲೂ ಸೋರಿಕೆ ಮತ್ತು ಗಡಸು ನೀರು ಎರಡೂ ಜೊತೆಗೂಡುವುದು ಅಪಾಯಕರ. ಈ ಸುಣ್ಣ ಎಲ್ಲೆಡೆ ಸಮನಾಗಿ ಕೂರುವುದೂ ಇಲ್ಲ. ಅತ್ಯಂತ ಬಿಸಿಯಿರುವ ಜಾಗವನ್ನೇ, ಅಂದರೆ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವುಗಳ ಸುತ್ತಲಿನ ಕಿರಿದಾದ ದಾರಿಗಳನ್ನೂ ಸಿಲಿಂಡರಿನ ಮೇಲ್ಭಾಗವನ್ನೂ ಆರಿಸಿಕೊಂಡು ಪದರ ಕಟ್ಟುತ್ತದೆ. ಎರಕದ ಕಬ್ಬಿಣದ ಎದುರಿಗೆ ಸುಣ್ಣದ ಪೊರೆ ಶಾಖವನ್ನು ಹತ್ತಾರು ಪಟ್ಟು ಕಡಿಮೆ ಸಾಗಿಸುತ್ತದೆ. ಹೀಗಾಗಿ ಮುಳ್ಳು ಸರಿಯಾಗಿ ತೋರಿಸುತ್ತಿರುವಾಗಲೇ ಹೆಡ್ಡಿನ ಲೋಹ ಒಳಗೊಳಗೆ ಬೇಯುತ್ತಿರುತ್ತದೆ.

ವಾರಕ್ಕೆ ಅರ್ಧ ಲೀಟರ್ ಹೋಗುತ್ತಿರುವುದಕ್ಕೂ, ಬಾಟಲಿಯ ನೀರು ಇದ್ದಷ್ಟೇ ಇರುವುದಕ್ಕೂ ನಂಟಿದೆ. ರೇಡಿಯೇಟರಿನ ಮುಚ್ಚಳವನ್ನು ಬರಿಯ ಮುಚ್ಚಳವೆಂದು ತಿಳಿಯಬಾರದು. ಅದರಲ್ಲಿ ಎರಡು ಕವಾಟಗಳಿವೆ. ದೊಡ್ಡದು ಒಳಗಿನ ಒತ್ತಡವನ್ನು ನಿಗದಿತ ಮಟ್ಟದವರೆಗೆ ಹಿಡಿದಿಡುತ್ತದೆ. ಮುಚ್ಚಳದ ಮೇಲೆ 0.9 ಎಂದೋ 13 ಎಂದೋ ಬರೆದಿರುವುದು ಇದನ್ನೇ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ, 0.9ರ ಮುಚ್ಚಳ ಗಟ್ಟಿಯಾಗಿದ್ದರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಮುಚ್ಚಳದ ರಬ್ಬರು ಒಣಗಿ ಬಿರಿದಿದ್ದರೆ ಈ 19 ಡಿಗ್ರಿಯ ರಕ್ಷಣೆಯೆಲ್ಲ ಹೋಯಿತು. ಚಿಕ್ಕ ಕವಾಟವು ಎಂಜಿನ್ ತಣಿಯುವಾಗ ಉಂಟಾಗುವ ನಿರ್ವಾತಕ್ಕೆ ತೆರೆದುಕೊಂಡು, ಬಾಟಲಿಗೆ ಹೋಗಿದ್ದ ನೀರನ್ನು ತಿರುಗಿ ಒಳಗೆ ಎಳೆದುಕೊಳ್ಳಲು ಬಿಡುತ್ತದೆ. ಅದು ಅಂಟಿಕೊಂಡಿದ್ದರೆ, ಅಥವಾ ಮುಚ್ಚಳದ ಮೇಲಂಚಿನ ಸೀಲೋ ಬಾಟಲಿಯ ಕೊಳವೆಯೋ ಬಿರಿದು ಗಾಳಿ ಎಳೆಯುತ್ತಿದ್ದರೆ, ರೇಡಿಯೇಟರು ಬರಿದಾಗುತ್ತ ಹೋದರೂ ಬಾಟಲಿ ತುಂಬಿಯೇ ಕಾಣುತ್ತದೆ. ಬಾಟಲಿಯನ್ನು ಮಾತ್ರ ನೋಡಿ ನೀರಿದೆ ಎಂದು ಹೊರಟವರ ಗಾಡಿಗಳೇ ದಾರಿಯಲ್ಲಿ ಹೆಚ್ಚಾಗಿ ನಿಲ್ಲುತ್ತವೆ. ಹೊಸ ಮುಚ್ಚಳಕ್ಕೆ ದೊಡ್ಡ ಬೆಲೆಯೇನಿಲ್ಲ. ಅದೇ ಒತ್ತಡದ ಸಂಖ್ಯೆಯದನ್ನೇ ತನ್ನಿ. ಹೆಚ್ಚಿನ ಸಂಖ್ಯೆಯದು ಒಳ್ಳೆಯದೆಂದು ಹಾಕಿದರೆ ಹಳೆಯ ಹೋಸುಗಳು ಬಾಯಿಬಿಡುತ್ತವೆ.

ಥರ್ಮೋಸ್ಟಾಟ್ ತೆಗೆಸಿದ್ದು ತಪ್ಪಾಯಿತು. ಇದು ನಿಮ್ಮೊಬ್ಬರ ತಪ್ಪಲ್ಲ; ಬಿಸಿಲುನಾಡಿನ ಗ್ಯಾರೇಜುಗಳಲ್ಲೆಲ್ಲ ಗಾಡಿ ಹೀಟ್ ಆಗುತ್ತದೆ ಎಂದ ಕೂಡಲೇ ಮಾಡುವ ಮೊದಲ ಕೆಲಸವೇ ಇದು. ಹಲವು ಎಂಜಿನ್‌ಗಳ ಥರ್ಮೋಸ್ಟಾಟಿನ ಕೆಳಗೆ ಇನ್ನೊಂದು ತಟ್ಟೆ ಇರುತ್ತದೆ. ನೀರು ಬಿಸಿಯಾಗಿ ಮೇಲಿನ ಬಾಗಿಲು ತೆರೆದಾಗ, ಈ ತಟ್ಟೆ ಕೆಳಗಿಳಿದು ಬೈಪಾಸ್ ದಾರಿಯನ್ನು ಮುಚ್ಚಿ, ನೀರೆಲ್ಲ ರೇಡಿಯೇಟರಿನ ಮೂಲಕವೇ ಹೋಗುವಂತೆ ಮಾಡುತ್ತದೆ. ಥರ್ಮೋಸ್ಟಾಟನ್ನೇ ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಪಂಪಿಗೆ ಹಿಂತಿರುಗಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ರೇಡಿಯೇಟರು ಕಟ್ಟಿಕೊಂಡಿದ್ದಷ್ಟೂ ಈ ಕಳ್ಳದಾರಿಯ ಪಾಲು ಹೆಚ್ಚು, ಏಕೆಂದರೆ ನೀರು ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ನೀರು ಜೋರಾಗಿ ಹರಿದರೆ ತಣಿಯಲು ಅದಕ್ಕೆ ಸಮಯ ಸಿಗುವುದಿಲ್ಲ ಎಂಬ ವಿವರಣೆಯನ್ನೂ ನೀವು ಕೇಳಿರಬಹುದು. ಅದು ಸರಿಯಲ್ಲ, ಹರಿವು ಹೆಚ್ಚಿದರೆ ರೇಡಿಯೇಟರು ಹೆಚ್ಚು ಶಾಖವನ್ನೇ ಬಿಡುತ್ತದೆ. ತೊಂದರೆ ಇರುವುದು ದಾರಿ ತಪ್ಪಿದ ಹರಿವಿನಲ್ಲಿ. ಇನ್ನು ಚಳಿಗಾಲದ ಬೆಳಗುಗಳಲ್ಲಿ ಎಂಜಿನ್ ಬಹಳ ಹೊತ್ತು ತಣ್ಣಗೆ ಓಡುವುದರಿಂದ ಸಿಲಿಂಡರಿನ ಸವೆತವೂ ಡೈಸೆಲಿನ ಖರ್ಚೂ ಹೆಚ್ಚುತ್ತವೆ. ನಿಮ್ಮ ಮೆಕ್ಯಾನಿಕ್ ಹೇಳುವ ಬೋರ್ ಕೆಲಸವನ್ನು ಬೇಗ ಕರೆತರುವ ದಾರಿ ನಿಜವಾಗಿ ಇದು. ಹೊಸ ಥರ್ಮೋಸ್ಟಾಟ್ ತಂದಾಗ ಅದನ್ನು ಕೂರಿಸುವ ಮೊದಲು ಒಂದು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿ ನೋಡಿ. ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ 82 ಡಿಗ್ರಿಗೆ, ಬಾಗಿಲು ಬಿರಿಯತೊಡಗಿ, ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು.

ಇಷ್ಟೆಲ್ಲ ಹೇಳಿದರೂ, ನೋಡದೆ ಬಿಡಿಭಾಗ ಬದಲಿಸಿರೆಂದು ನಾನು ಹೇಳಲಾರೆ. ಪರೀಕ್ಷೆಗಳನ್ನು ಖರ್ಚಿಲ್ಲದ್ದರಿಂದ ಆರಂಭಿಸಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೀರನ್ನು ಕುತ್ತಿಗೆಯವರೆಗೆ ತುಂಬಿ, ಎಂಜಿನ್ ಚಾಲೂ ಮಾಡಿ, ಮುಖ ದೂರವಿಟ್ಟು ನೀರಿನ ಮೇಲ್ಮೈಯನ್ನು ಗಮನಿಸಿ. ಮೊದಲಿನ ನಾಲ್ಕಾರು ಗುಳ್ಳೆಗಳು ಒಳಗೆ ಸಿಕ್ಕಿದ್ದ ಗಾಳಿ ಇರಬಹುದು. ಐದು ನಿಮಿಷವಾದರೂ ಗುಳ್ಳೆಗಳು ನಿಲ್ಲದೆ ಒಂದೇ ಸಮನೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿ, ನೀರು ಇನ್ನೂ ತಣ್ಣಗಿರುವಾಗಲೇ, ಮೇಲಿನ ಹೋಸು ಕಲ್ಲಿನಂತೆ ಬಿಗಿದರೆ, ಹೆಡ್ ಗ್ಯಾಸ್ಕೆಟ್ಟಿನ ಸಂಶಯ ಬಲವಾಗುತ್ತದೆ. ಎಣ್ಣೆಯ ಕಡ್ಡಿಗೆ ಹಾಲು ಹಾಕಿದ ಚಹದ ಬಣ್ಣ ಬಂದಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಕೆಲವರು ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣ ಹಿಡಿದು, ಹೊಗೆಯ ಇಂಗಾಲದ ಡೈಆಕ್ಸೈಡು ತಗುಲಿ ಅದರ ಬಣ್ಣ ಬದಲಾಗುತ್ತದೆಯೇ ಎಂಬ ಪರೀಕ್ಷೆಯನ್ನು ಮಾಡಿ ಗ್ಯಾಸ್ಕೆಟ್ ಸರಿಯಿದೆ ಎಂದುಬಿಡುತ್ತಾರೆ. ಡೈಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗ ಬೇಕಾದುದಕ್ಕಿಂತ ಬಹಳ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದರಿಂದ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡು ಕಡಿಮೆ, ಆದ್ದರಿಂದ ಆ ಪರೀಕ್ಷೆಯನ್ನು ಪೂರ್ತಿ ನಂಬಲಾಗದು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಗ್ಯಾಸ್ಕೆಟ್ ಉಳಿದಿರುವ ಸಾಧ್ಯತೆಯೇ ಹೆಚ್ಚು. ಆದರೆ ಯಲ್ಲಮ್ಮನ ಗುಡ್ಡದಲ್ಲಿ ಒಮ್ಮೆ ಕುದಿದಿರುವುದರಿಂದ ಈ ಪರೀಕ್ಷೆಯನ್ನು ಬಿಡಬೇಡಿ.

ಮುಂದೆ, ಕೈಪಂಪಿನಿಂದ ರೇಡಿಯೇಟರಿಗೆ ಒತ್ತಡ ಕೊಡುವ ಸಲಕರಣೆ ಇರುವ ಗ್ಯಾರೇಜಿನಲ್ಲಿ, ಮುಚ್ಚಳದ ಮೇಲಿನ ಸಂಖ್ಯೆಯಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿಸಿ. ಆ ಸಲಕರಣೆಯ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ನೀರಿನ ಪಂಪಿನ ಕೆಳಗಿರುವ ಚಿಕ್ಕ ರಂಧ್ರ, ಹೋಸುಗಳ ತುದಿ, ಹೀಟರಿನ ಕೊಳವೆ, ರೇಡಿಯೇಟರಿನ ಮೇಲ್ತೊಟ್ಟಿಯ ಬೆಸುಗೆ, ಇವುಗಳ ಬಳಿ ಬಿಳಿಯ ಕಲೆ ಕಟ್ಟಿದ್ದರೆ ಸೋರಿಕೆ ಅಲ್ಲಿದೆ. ರಸ್ತೆಯಲ್ಲಿ ಅದು ಬಿಸಿ ಲೋಹದ ಮೇಲೆಯೇ ಆರಿಹೋಗುವುದರಿಂದ ನೆಲದ ಮೇಲೆ ಹನಿ ಕಾಣದು.

ಉಷ್ಣತೆಯ ಮುಳ್ಳಿನ ಮಾತನ್ನೂ ಒಮ್ಮೆ ಪರಿಶೀಲಿಸಬೇಕು. ದೂರದಿಂದ ತೋರಿಸಿ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಬಹಳಷ್ಟು ಗ್ಯಾರೇಜುಗಳಲ್ಲಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ, ಹಾಗಾಗಿ ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಟೇಪು ಅಂಟಿಸಿ. ಭಾರ ಹಾಕಿ ಓಡಿಸಿ ಬಂದ ಕೂಡಲೇ ರೇಡಿಯೇಟರಿಗೆ ನೀರು ಬರುವ ಮೇಲಿನ ಕೊಳವೆ ಮತ್ತು ಹೋಗುವ ಕೆಳಗಿನ ಕೊಳವೆಯ ಉಷ್ಣತೆಗಳನ್ನು ಅಳೆದರೆ ಅಂತರವು ಸಾಮಾನ್ಯವಾಗಿ 6ರಿಂದ 12 ಡಿಗ್ರಿ ಇರುತ್ತದೆ. ಅಂತರ 20–25 ಡಿಗ್ರಿಗೆ ಹೋಗಿದ್ದರೆ ನೀರು ಸಾಕಷ್ಟು ಹರಿಯುತ್ತಿಲ್ಲ. ಅಂತರವೇ ಇಲ್ಲದೆ ಎರಡೂ ಬಿಸಿಯಾಗಿದ್ದರೆ ಗಾಳಿ ಶಾಖವನ್ನು ಒಯ್ಯುತ್ತಿಲ್ಲ. ಬಳಿಕ ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮುಖದ ಮೇಲೆ ಸಾಲಾಗಿ ಅಳೆಯುತ್ತ ಬನ್ನಿ. ನಡುನಡುವೆ ತಣ್ಣನೆಯ ಪಟ್ಟಿಗಳು ಸಿಕ್ಕರೆ ಆ ನಳಿಗೆಗಳಲ್ಲಿ ನೀರೇ ಹೋಗುತ್ತಿಲ್ಲ ಎಂದು ಅರ್ಥ. ನಿಮ್ಮ ಗಾಡಿಯಲ್ಲಿ ಇಂಥ ಪಟ್ಟಿಗಳು ಸಿಗುತ್ತವೆ ಎಂದು ನಾನು ನಿರೀಕ್ಷಿಸುತ್ತೇನೆ. ಮುಳ್ಳಿನ ಕುರಿತು ಇನ್ನೊಂದು ಮಾತು ನೆನಪಿಡಬೇಕು: ನೀರು ಪೂರ್ತಿ ಹೋಗಿಬಿಟ್ಟರೆ ಉಷ್ಣತೆ ಅಳೆಯುವ ಸೆನ್ಸರು ಹಬೆಯಲ್ಲಿ ನೇತಾಡುತ್ತದೆ, ಆಗ ಮುಳ್ಳು ಮೇಲೇರುವ ಬದಲು ಕೆಳಗಿಳಿಯಬಹುದು. ಏರಿನಲ್ಲಿ ಕೆಂಪಿನ ಹತ್ತಿರವಿದ್ದ ಮುಳ್ಳು ಥಟ್ಟನೆ ತಣ್ಣಗೆ ಬಿದ್ದರೆ ಸಂತೋಷಪಡದೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ.

ಹೋಸುಗಳನ್ನು ನಿಂತ ಗಾಡಿಯಲ್ಲಿ ಒತ್ತಿ ನೋಡಿದರೆ ಸಾಲದು. ಕೆಲವು ವರ್ಷಗಳ ಹಿಂದೆ ನನ್ನದೇ ಗಾಡಿಯಲ್ಲಿ ಪಂಪು, ಮುಚ್ಚಳ, ಥರ್ಮೋಸ್ಟಾಟ್ ಎಲ್ಲ ಹೊಸದಾದ ಮೇಲೂ 80 ದಾಟಿದರೆ ಕಾಯುವುದು ನಿಲ್ಲಲಿಲ್ಲ. ಕೊನೆಗೊಂದು ದಿನ ಮಗನನ್ನು ಒಳಗೆ ಕೂರಿಸಿ ಎಕ್ಸಲರೇಟರ್ ಒತ್ತಿಸಿ ಬಾನೆಟ್ಟಿನೊಳಗೆ ಟಾರ್ಚ್ ಹಿಡಿದಾಗ, ಕೆಳಗಿನ ಹೋಸು ಪಂಪಿನ ಎಳೆತಕ್ಕೆ ಹಾವಿನ ಪೊರೆಯಂತೆ ಚಪ್ಪಟೆಯಾಗುತ್ತಿದ್ದುದು ಕಂಡಿತು. ಅದರೊಳಗೆ ಇರಬೇಕಾದ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿತ್ತು. ವೇಗದಲ್ಲಿ ಮಾತ್ರ ಕಾಯುವ ನಿಮ್ಮ ಗಾಡಿಯಲ್ಲಿ ಇದನ್ನು ತಪ್ಪದೆ ನೋಡಿ. ಸಡಿಲವಾದ ಬಟ್ಟೆ ಮತ್ತು ಕೈಗಳನ್ನು ಫ್ಯಾನಿನಿಂದ ದೂರವಿಡಿ.

ರೇಡಿಯೇಟರಿನ ಹೊರಮೈಗೆ ನಮ್ಮ ಭಾಗದಲ್ಲಿ ಬರುವ ಕೇಡು ಬೇರೆಲ್ಲೂ ಇಷ್ಟಿರಲಾರದು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಹಾರುವ ರವದಿ, ರಾಶಿಯ ದಿನಗಳಲ್ಲಿ ತೊಗರಿ ಮತ್ತು ಜೋಳದ ಹೊಟ್ಟು, ಹತ್ತಿಯ ಎಳೆ, ಮಳೆಗಾಲದ ಎರೆಮಣ್ಣಿನ ಕೆಸರು, ಇವೆಲ್ಲ ಜಾಲಿಯ ಸಂದುಗಳಲ್ಲಿ ಕೂತು ಗಟ್ಟಿಯಾಗುತ್ತವೆ. ಎಸಿ ಇದ್ದರೆ ಅದರ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ, ಮುಂದಿನಿಂದ ಕಾಣದ ಜಾಗದಲ್ಲಿ, ಹಾಸಿಗೆಯಷ್ಟು ದಪ್ಪನೆಯ ಕಸ ಸಿಕ್ಕಿದ್ದೂ ಉಂಟು. ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಸಾಧಾರಣ ಒತ್ತಡದ ನೀರು ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಜೋರಾದ ಪಿಚಕಾರಿಯನ್ನು ಹತ್ತಿರದಿಂದ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಲಗಿ ಇದ್ದ ಗಾಳಿಯೂ ನಿಲ್ಲುತ್ತದೆ. ಮುಂಭಾಗಕ್ಕೆ ಕಟ್ಟಿದ ನೈಲಾನ್ ಬಲೆ, ಅಗಲವಾದ ಹೆಸರಿನ ಫಲಕ, ಹೆಚ್ಚುವರಿ ದೀಪಗಳು, ಮಹಾನವಮಿಯ ಖಂಡೆ ಪೂಜೆಗೆ ಕಟ್ಟಿ ದೀಪಾವಳಿಯವರೆಗೂ ಬಿಚ್ಚದ ಹಾರ, ಇವೆಲ್ಲ ಗಾಳಿಯ ಪಾಲನ್ನು ಕಸಿಯುತ್ತವೆ. ಭಕ್ತಿಗೆ ನನ್ನ ತಕರಾರಿಲ್ಲ. ಹಾರವನ್ನು ಜಾಲಿಯ ಮೇಲಲ್ಲದೆ ಬೇರೆಡೆ ಕಟ್ಟಬಹುದು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದು ತೆಗೆದಿಟ್ಟಿದ್ದರೆ ತಿರುಗಿ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಎಳೆಯುವ ಬದಲು ಬದಿಯ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಫ್ಯಾನಿಗೆ ಸಿಲಿಕಾನ್ ಎಣ್ಣೆಯ ಕ್ಲಚ್ಚು ಇದ್ದರೆ, ಎಂಜಿನ್ ಬಿಸಿಯಿರುವಾಗ ನಿಲ್ಲಿಸಿ ಕೈಯಿಂದ ತಿರುಗಿಸಿದಾಗ ಬಿಗಿಯಾಗಿ ತಡೆಯಬೇಕು. ಸರಾಗವಾಗಿ ಸುತ್ತಿದರೆ ಅದರ ಎಣ್ಣೆ ಹೋಗಿದೆ.

ಸ್ವಚ್ಛಗೊಳಿಸುವ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ರೇಡಿಯೇಟರು ಯಾವ ಲೋಹದ್ದೆಂದು ನೋಡಿಕೊಳ್ಳಿ. ಹಳೆಯ ತಾಮ್ರ–ಹಿತ್ತಾಳೆಯದಾದರೆ ರೇಡಿಯೇಟರ್ ಕೆಲಸದವರು ಮೇಲಿನ ಕೆಳಗಿನ ತೊಟ್ಟಿಗಳ ಬೆಸುಗೆ ಬಿಚ್ಚಿ, ನಳಿಗೆಗಳಲ್ಲಿ ಚಪ್ಪಟೆ ಸರಳು ಆಡಿಸಿ ಸುಣ್ಣ ಕಿತ್ತು, ತಿರುಗಿ ಬೆಸೆದು ಕೊಡುತ್ತಾರೆ. ಹಳೆಯ ಕಸುಬು ಇದು, ಆದರೆ ಕಟ್ಟಿಕೊಂಡ ನಳಿಗೆಗೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಚಿಕಿತ್ಸೆ ನಡೆಯದು. ಪಟ್ಟಿಗಳು ತಣ್ಣಗಿದ್ದರೆ ಅದನ್ನು ಬದಲಿಸುವುದೇ ಲೇಸು. ಎಂಜಿನ್ನಿನ ಒಳಗಿನ ಸುಣ್ಣವನ್ನು ತೆಗೆಯಲು ಸಿಟ್ರಿಕ್ ಆಮ್ಲವನ್ನು, ಅಂದರೆ ಅಂಗಡಿಯವರು ನಿಂಬೆ ಉಪ್ಪು ಎಂದು ಕೊಡುವುದನ್ನು, ಲೀಟರಿಗೆ 50 ಗ್ರಾಮಿನಂತೆ ನೀರಿನಲ್ಲಿ ಕರಗಿಸಿ ತುಂಬಿ, ಹೀಟರಿನ ಕವಾಟ ತೆರೆದಿಟ್ಟು, ಅರ್ಧ ಗಂಟೆಯಿಂದ ಒಂದು ಗಂಟೆ ಎಂಜಿನ್ ಓಡಿಸಿ, ತಣಿದ ಮೇಲೆ ಹೊರಬಿಡಬೇಕು. ರಾತ್ರಿಯಿಡೀ ಬಿಡಬಾರದು. ಆಮೇಲೆ ಸ್ವಚ್ಛ ನೀರಿನಿಂದ, ಹೊರಬರುವ ನೀರು ತಿಳಿಯಾಗುವವರೆಗೆ, ಮೂರು ನಾಲ್ಕು ಸಲ ತೊಳೆಯಿರಿ. ಕೆಲವರು ಇದಕ್ಕೆ ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಅದು ಸುಣ್ಣವನ್ನು ಬಿಟ್ಟು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಶೌಚಾಲಯ ತೊಳೆಯುವ ಆಮ್ಲ ಸುರಿಯುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಬಹಳ ಹಳೆಯ ಎಂಜಿನ್‌ಗಳಲ್ಲಿ ತೊಳೆದ ಮೇಲೆ ಒಂದೆರಡು ಹೊಸ ಸೋರಿಕೆ ಕಾಣಿಸಿಕೊಳ್ಳಬಹುದು. ಸುಣ್ಣವೇ ಅಲ್ಲಿಯವರೆಗೆ ತೂತನ್ನು ಮುಚ್ಚಿತ್ತು ಎಂದು ತಿಳಿಯಿರಿ.

ತೊಳೆದ ಮೇಲೆ ಬೋರಿನ ನೀರನ್ನು ತುಂಬಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎಥಿಲೀನ್ ಗ್ಲೈಕಾಲ್ ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿ ಹಾಕಿ. ಅದು ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಆದೀತು, ಸೋಸಿಟ್ಟ ಮಳೆನೀರೂ ಆದೀತು. ಡಬ್ಬಿಯ ಮೇಲೆ ಐಎಸ್ 5759 ಎಂಬ ಮಾನಕದ ಉಲ್ಲೇಖವಿದೆಯೇ ನೋಡಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿಗಳು ಸುರಿಯುವ ಬಣ್ಣವಷ್ಟೇ, ಆದರೆ ಬೇರೆ ಬೇರೆ ಬಗೆಯವನ್ನು ಬೆರೆಸುವುದೂ ಬೇಡ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಿಂತೆಯಿಲ್ಲ, ಹಾಗಾದರೆ ಕೂಲಂಟ್ ಏಕೆ ಎಂದು ಹಲವರು ಕೇಳುತ್ತಾರೆ. ಕುದಿಯುವ ಬಿಂದು ಒಂದಿಷ್ಟು ಏರುತ್ತದೆ ಎಂಬುದು ನಿಜ, ಆದರೆ ನಮಗೆ ಅದಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ತುಕ್ಕುನಿರೋಧಕಗಳು. ಡೈಸೆಲ್ ಎಂಜಿನ್ನಿನ ಸಿಲಿಂಡರ್ ಗೋಡೆ ಪ್ರತಿ ಸ್ಫೋಟಕ್ಕೂ ಕಂಪಿಸಿ, ಹೊರಬದಿಯ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ನಿರೋಧಕವಿಲ್ಲದ ಬರಿನೀರಿನಲ್ಲಿ, ಅದು ಎಷ್ಟೇ ಶುದ್ಧವಾಗಿದ್ದರೂ, ಈ ಗುಳ್ಳೆಗಳು ವರ್ಷಗಳಲ್ಲಿ ಆ ಗೋಡೆಯನ್ನೇ, ಅಂದರೆ ಲೈನರನ್ನೇ, ತೂತುಬೀಳಿಸಬಲ್ಲವು. ಪ್ರಮಾಣ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು, ಏಕೆಂದರೆ ಗ್ಲೈಕಾಲ್ ನೀರಿನಷ್ಟು ಶಾಖವನ್ನು ಹೊರಲಾರದು. ಸಾಮಾನ್ಯ ಬಗೆಯದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತೆಗೆದದ್ದನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿಯಾಗಿದ್ದು ವಿಷಕಾರಿ, ನಾಯಿ ದನಕರುಗಳು ನೆಕ್ಕಿದರೆ ಸಾಯುತ್ತವೆ. ತುಂಬುವಾಗ ಗಾಡಿಯ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ ನಿಧಾನವಾಗಿ ಸುರಿದರೆ ಒಳಗಿನ ಗಾಳಿ ಹೊರಬರುತ್ತದೆ.

ನಿಮ್ಮ ಗಾಡಿ ಏರಿನಲ್ಲಿ ಕಪ್ಪು ಹೊಗೆ ಬಿಡುತ್ತದೆಯೇ ಎಂದು ನೀವು ಬರೆದಿಲ್ಲ. ಬಿಡುತ್ತಿದ್ದರೆ ಏರ್ ಫಿಲ್ಟರನ್ನೂ ಡೈಸೆಲ್ ಪಂಪನ್ನೂ ನೋಡಿಸಿ. ಎಳೆತ ಹೆಚ್ಚಲೆಂದು ಪಂಪಿನ ಸ್ಕ್ರೂ ತಿರುಗಿಸಿ ಡೈಸೆಲ್ ಹೆಚ್ಚು ಬಿಡುವಂತೆ ಮಾಡಿದ್ದರೆ ಶಾಖವೂ ಹೆಚ್ಚುತ್ತದೆ. ಇಂಜೆಕ್ಷನ್ ಟೈಮಿಂಗ್, ಅಂದರೆ ಸಿಲಿಂಡರಿಗೆ ಡೈಸೆಲ್ ಚಿಮ್ಮುವ ಗಳಿಗೆ, ತಡವಾಗಿದ್ದರೂ ಹಾಗೆಯೇ. ಬಿಡದೆ ಹಿಡಿದುಕೊಂಡ ಬ್ರೇಕು, ಜಾರುವ ಕ್ಲಚ್ಚು ಎಂಜಿನ್ನಿನ ಮೇಲೆ ಕಾಣದ ಭಾರ ಹೇರುತ್ತವೆ.

ಓಡಿಸುವ ರೀತಿಯನ್ನೂ ತುಸು ಬದಲಿಸಬೇಕು. ಹಳೆಯ ಡೈಸೆಲ್ ಗಾಡಿಯ ಎಳೆತವನ್ನು ನಂಬಿ ಏರಿನಲ್ಲಿಯೂ ಮೇಲಿನ ಗೇರಿನಲ್ಲೇ ಎಂಜಿನ್ ಗುದ್ದುವಂತೆ ಓಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ನೀರಿನ ಪಂಪೂ ಫ್ಯಾನೂ ತಿರುಗುವುದು ಎಂಜಿನ್ ತಿರುಗಿದಷ್ಟೇ. ಎಂಜಿನ್ ನಿಧಾನವಾಗಿ, ಪೂರ್ತಿ ಡೈಸೆಲ್ ಕುಡಿಯುತ್ತ ಹತ್ತುವಾಗ ಶಾಖ ಗರಿಷ್ಠ, ನೀರಿನ ಹರಿವು ಕನಿಷ್ಠ. ಏರು ಶುರುವಾಗುವ ಮೊದಲೇ ಒಂದು ಗೇರು ಇಳಿಸಿ, ಎಕ್ಸಲರೇಟರನ್ನು ಪೂರ್ತಿ ಒತ್ತದೆ ಹತ್ತಿ. ಗೋವೆಯಿಂದ ಚೋರ್ಲಾ ಘಟ್ಟ ಹತ್ತಿ ಬೆಳಗಾವಿಗೆ ಬರುವಾಗಲೂ, ಹೆದ್ದಾರಿಯಲ್ಲಿ ವಂಟಮುರಿ ಘಟ್ಟ ಏರುವಾಗಲೂ ಇದನ್ನೇ ಪಾಲಿಸಿ. ಬೇಸಿಗೆಯಲ್ಲಿ ಗುಡ್ಡಕ್ಕೆ ಹೋಗುವುದಿದ್ದರೆ ನಸುಕಿನಲ್ಲಿ ಹೊರಡಿ. ಮೇಲೆ ಹಾಕಿದ ಲೆಕ್ಕದಂತೆ ಹತ್ತು ಹದಿನೈದು ಡಿಗ್ರಿಯ ತಂಪು ಹೊಸ ರೇಡಿಯೇಟರಿನಷ್ಟೇ ಕೆಲಸ ಮಾಡುತ್ತದೆ.

ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಚ್ಚಿ, ಕಿಟಕಿ ಇಳಿಸಿ. ಸೆಖೆಯಾಗುತ್ತದೆ, ಆದರೆ ಹೀಟರ್ ಎಂಬುದು ಇನ್ನೊಂದು ಚಿಕ್ಕ ರೇಡಿಯೇಟರ್. ನೀರು ಇದ್ದೂ ಕಾದಿದ್ದರೆ ನೆರಳಿಗೆ ನಿಲ್ಲಿಸಿ ಎಂಜಿನ್ನನ್ನು ತುಸು ಹೆಚ್ಚಿನ ವೇಗದಲ್ಲಿ ಒಂದೆರಡು ನಿಮಿಷ ಓಡಲು ಬಿಟ್ಟು ನಂತರ ಆರಿಸಿ. ನೀರು ಚೆಲ್ಲಿಹೋಗಿದ್ದರೆ ಕೂಡಲೇ ಆರಿಸಿ. ಮುಚ್ಚಳಕ್ಕೆ ಮುಕ್ಕಾಲು ಗಂಟೆ ಕೈ ಹಚ್ಚಬೇಡಿ. 110 ಡಿಗ್ರಿ ದಾಟಿದ ನೀರು ಒತ್ತಡ ಬಿಟ್ಟ ಕ್ಷಣ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಗೋಣಿಚೀಲ ಸುತ್ತಿ ತೆಗೆಯುತ್ತೇನೆಂಬ ಧೈರ್ಯವೂ ಬೇಡ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಹೆಡ್ಡು ಸೀಳಬಹುದು. ದಾರಿಯಲ್ಲಿ ರೇಡಿಯೇಟರ್ ಸೋರಿ, ಯಾರೋ ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತದೆ ಎಂದರೆ ಊರು ಮುಟ್ಟುವವರೆಗೆ ಅದನ್ನು ಒಪ್ಪಿಕೊಳ್ಳಬಹುದು. ಆದರೆ ಮರುದಿನವೇ ತೊಳೆಸಬೇಕು, ಏಕೆಂದರೆ ಅದು ಸೋರುವ ತೂತನ್ನೂ ಸೋರದ ನಳಿಗೆಯನ್ನೂ ಬೇರೆ ಬೇರೆ ಎಂದು ನೋಡುವುದಿಲ್ಲ.

ಆದ್ದರಿಂದ ಮೆಕ್ಯಾನಿಕ್ ಅವರಿಗೆ ಈ ಕ್ರಮದಲ್ಲಿ ಕೆಲಸ ಹೇಳಿ: ಮೊದಲು ಬೆಳಗಿನ ಗುಳ್ಳೆಯ ಪರೀಕ್ಷೆ ಮತ್ತು ಒತ್ತಡದ ಪರೀಕ್ಷೆ, ಸೋರಿಕೆಗೆ ದುರಸ್ತಿ, ಬಳಿಕ ರೇಡಿಯೇಟರ್ ಬಿಚ್ಚಿ ಒಳಹೊರಗೆ ಸ್ವಚ್ಛ, ಎಂಜಿನ್ನಿಗೆ ನಿಂಬೆ ಉಪ್ಪಿನ ತೊಳೆತ, ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ, ಕೆಳಗಿನ ಹೋಸು, ಕೊನೆಗೆ ಕೂಲಂಟ್. ಪಂಪನ್ನು ಬಿಚ್ಚಿದಾಗ ಅದರ ಒಳಗಿನ ರೆಕ್ಕೆಗಳು ತುಕ್ಕು ತಿಂದು ಮೊಂಡಾಗಿವೆಯೇ ನೋಡಲು ಹೇಳಿ. ಇಷ್ಟಾದ ಮೇಲೆ ಅದೇ ಭಾರ ಹಾಕಿ ಅದೇ ಏರನ್ನು ಹತ್ತಿ ನೋಡಿ. ಆಗಲೂ ಕಾದರೆ ಹೆಡ್ ಬಿಚ್ಚಿಸಿ ಅದರ ತಳ ಸಮನಾಗಿದೆಯೇ ಎಂದು ನೇರ ಪಟ್ಟಿಯಿಟ್ಟು ಅಳೆಸಿ, ನೀರಿನ ದಾರಿಗಳಲ್ಲಿ ಉಳಿದ ಸುಣ್ಣವನ್ನು ಕೈಯಿಂದಲೇ ಕೀಳಿಸಬೇಕಾಗುತ್ತದೆ. ಬೋರ್ ಮಾಡಿಸಬೇಕೇ ಎಂಬುದನ್ನು ಆ ದಿನ, ತೆರೆದ ಸಿಲಿಂಡರುಗಳ ಸವೆತವನ್ನು ಮೈಕ್ರೋಮೀಟರಿನಲ್ಲಿ ಅಳೆಸಿದ ಮೇಲೆ, ನಿರ್ಧರಿಸಿ.